ಲೇಖನಿ ಹಿಡಿದು ಸಂಸಾರ ಸಾಗಿಸಿದ ಮಗಳು

“ನಮ್ಮ ಯಜಮಾನ್ರು ದೇವರಂಥ ಮನುಷ್ಯ ಕಣ್ರೀ, ಆದರೆ ನಾಲ್ಕು ಕಾಸು ಸಂಪಾದಿಸೋ ಬುದ್ಧಿ ಮಾತ್ರ ಇಲ್ಲ!” ಎಂದು ನಿಟ್ಟುಸಿರುಬಿಡುವ ಗೃಹಿಣಿಯರನ್ನು ನೀವೂ ಕಂಡಿರಬಹುದು. ‘ಲಿಟ್ಲ್ ವಿಮೆನ್’ ಕಾದಂಬರಿ ಬರೆದು ಲೋಕಪ್ರಸಿದ್ಧಳಾದ ಅಮೆರಿಕದ ಲೂಯಿಸಾ ಮೇ ಆಲ್ಕಾಟ್ ಬೆಳೆದದ್ದು ಅಂಥದೇ ಮನೆಯಲ್ಲಿ.

ಲೂಯಿಸಾ ಹುಟ್ಟಿದ್ದು 1832ರ ನವೆಂಬರ್ 29ರಂದು. ನಾಲ್ವರು ಹೆಣ್ಣುಮಕ್ಕಳಲ್ಲಿ ಎರಡನೆಯವಳು. ತಂದೆ ಬ್ರಾನ್ಸನ್ ಆಲ್ಕಾಟ್ ಉಪಾಧ್ಯಾಯರು, ತತ್ವಜ್ಞಾನಿ. ಬೋಸ್ಟನ್ನಿನ ತಮ್ಮ ಶಾಲೆಗೆ ಕಪ್ಪು ಜನಾಂಗದ ಬಾಲಕಿಯೊಬ್ಬಳನ್ನು ಸೇರಿಸಿಕೊಂಡಾಗ ಉಳಿದವರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಅವರು ಜಗ್ಗಲಿಲ್ಲ. ಶಾಲೆ ಮುಚ್ಚಿತು, ಸಾಲ ಉಳಿಯಿತು.

1843ರಲ್ಲಿ ಗೆಳೆಯರೊಡನೆ ‘ಫ್ರೂಟ್‌ಲ್ಯಾಂಡ್ಸ್’ ಎಂಬ ಆಶ್ರಮದಂಥ ತೋಟ ಹೂಡಿದರು. ಅಲ್ಲಿ ಮಾಂಸವಿಲ್ಲ, ಹಾಲು ಬೆಣ್ಣೆಯೂ ಇಲ್ಲ. ಗುಲಾಮರ ದುಡಿಮೆಯಿಂದ ಬಂದದ್ದೆಂದು ಹತ್ತಿ ಬಟ್ಟೆಯೂ ಬೇಡ. ಕೇಳಲು ಎಷ್ಟು ಚೆಂದ, ಅಲ್ಲವೇ? ಆದರೆ ಕೊಯ್ಲಿನ ಹೊತ್ತಿಗೆ ಗಂಡಸರು ಊರೂರಿಗೆ ಉಪದೇಶಕ್ಕೆ ಹೊರಟಿದ್ದರಂತೆ. ಬಿರುಗಾಳಿ ಎದ್ದಾಗ ಬಾರ್ಲಿ ಪೈರನ್ನು ಬುಟ್ಟಿ, ದುಪ್ಪಟಿಗಳಲ್ಲಿ ತುಂಬಿ ಒಳಗೆ ಸಾಗಿಸಿದವರು ತಾಯಿ ಅಬಿಗೇಲ್ ಮತ್ತು ಮಕ್ಕಳು. ಲೂಯಿಸಾ ಮುಂದೆ ಇದನ್ನೆಲ್ಲ ನಗೆ ಬೆರೆಸಿ ಬರೆದಳು. ಏಳೇ ತಿಂಗಳಲ್ಲಿ ಆಶ್ರಮ ಮುರಿಯಿತು.

ಆಮೇಲೆ ದುಡಿಮೆಗೆ ನಿಂತವರು ಹೆಂಗಸರೇ. ತಾಯಿ ಬೋಸ್ಟನ್ನಿನ ಬಡವರ ಕೇರಿಗಳಲ್ಲಿ ಸಂಬಳಕ್ಕೆ ಸೇವೆ ಮಾಡಿದರು. ಲೂಯಿಸಾ ಪಾಠ ಹೇಳಿದಳು, ಬಟ್ಟೆ ಹೊಲಿದಳು. ಹದಿನೆಂಟನೆಯ ವಯಸ್ಸಿನಲ್ಲಿ ಒಂದು ಮನೆಯಲ್ಲಿ ಏಳು ವಾರ ಚಾಕರಿ ಮಾಡಿದ್ದಕ್ಕೆ ಅವಳ ಕೈಗೆ ಬಂದದ್ದು ನಾಲ್ಕೇ ಡಾಲರ್! ಬರವಣಿಗೆ ನಿನಗೆ ಒಗ್ಗುವುದಿಲ್ಲ, ಪಾಠ ಹೇಳಿಕೊಂಡಿರು ಎಂದು ಪ್ರಕಾಶಕರೊಬ್ಬರು ಬುದ್ಧಿ ಹೇಳಿದರು. ಅವಳು ಕೇಳಲಿಲ್ಲ.

1858ರಲ್ಲಿ ತಂಗಿ ಎಲಿಜಬೆತ್ ತೀರಿಕೊಂಡಳು. 1862ರ ಡಿಸೆಂಬರಿನಲ್ಲಿ ಅಂತರ್ಯುದ್ಧದ ಗಾಯಾಳುಗಳ ಶುಶ್ರೂಷೆಗೆ ಹೋದ ಲೂಯಿಸಾ ವಿಷಮಶೀತಜ್ವರಕ್ಕೆ ತುತ್ತಾದಳು. ಪಾದರಸ ಬೆರೆತ ಔಷಧ ಕೊಟ್ಟರು. ಆ ಮೇಲೆ ಮೊದಲಿನ ಆರೋಗ್ಯ ಮರಳಿ ಬರಲೇ ಇಲ್ಲ.

ಹುಡುಗಿಯರಿಗಾಗಿ ಒಂದು ಪುಸ್ತಕ ಬೇಕೆಂದು ಪ್ರಕಾಶಕರು ಕೇಳಿದಾಗ ಒಲ್ಲದ ಮನಸ್ಸಿನಿಂದಲೇ ಕೂತಳು. ತನ್ನ ಅಕ್ಕತಂಗಿಯರ ಕಥೆಯನ್ನೇ ಬರೆದಳು. ಕಿಟಕಿಗಳ ನಡುವೆ ಅರ್ಧಚಂದ್ರಾಕಾರದ ಬರೆಯುವ ಹಲಗೆ ಮಾಡಿಕೊಟ್ಟವರು ತಂದೆಯೇ. ಆ ಮಾತನ್ನೂ ಹೇಳಬೇಕು. 1868ರಲ್ಲಿ ‘ಲಿಟ್ಲ್ ವಿಮೆನ್’ ಹೊರಬಂತು. ಒಂದೇ ಗಂಟು ಹಣ ತೆಗೆದುಕೊಂಡು ಕೈಬಿಡದೆ, ಪುಸ್ತಕದ ಹಕ್ಕನ್ನು ಅವಳು ತನ್ನಲ್ಲೇ ಉಳಿಸಿಕೊಂಡಳು. ಜಾಣತನ ಎಂದರೆ ಇದು ನೋಡಿ! ಮನೆಯ ಹಳೆಯ ಸಾಲವೆಲ್ಲ ತೀರಿತು.

ಆದರೂ ಹೊಣೆ ಇಳಿಯಲಿಲ್ಲ. ಅಕ್ಕ ಆನಾ ವಿಧವೆಯಾದಾಗ ಅವಳ ಮಕ್ಕಳಿಗೆ ಆಸರೆಯಾದಳು. ಕಿರಿಯ ತಂಗಿ ಮೇ ಯೂರೋಪಿನಲ್ಲಿ ಚಿತ್ರಕಲೆ ಕಲಿಯಲು ಹಣ ಕೊಟ್ಟಳು. 1879ರಲ್ಲಿ ಹೆರಿಗೆಯಾದ ಕೆಲವೇ ವಾರಗಳಲ್ಲಿ ಮೇ ತೀರಿಕೊಂಡಾಗ, ಮದುವೆಯಾಗದ ಲೂಯಿಸಾ ಆ ತಬ್ಬಲಿ ಕೂಸು ಲುಲೂಗೆ ತಾಯಿಯಾದಳು.

1888ರ ಮಾರ್ಚ್ 4ರಂದು ತಂದೆ ಕಣ್ಮುಚ್ಚಿದರು. ಎರಡೇ ದಿನಕ್ಕೆ, 55ನೆಯ ವಯಸ್ಸಿನಲ್ಲಿ, ಮಗಳೂ ಹೊರಟುಹೋದಳು.

ಆದರ್ಶ ತಪ್ಪೆಂದು ಯಾರು ಹೇಳಿಯಾರು? ಆದರೆ ಆದರ್ಶ ಒಬ್ಬರದಾಗಿ, ಅದರ ಖರ್ಚು ಇನ್ನೊಬ್ಬರ ಪಾಲಿಗೆ ಬಂದರೆ, ಆ ಇನ್ನೊಬ್ಬರ ಹೆಸರೂ ನೆನಪಿರಬೇಕು. ಸೋದರಿಯರೇ, ನಿಮ್ಮ ಹೆಣ್ಣುಮಕ್ಕಳಿಗೆ ಲೂಯಿಸಾಳ ಕಥೆ ಹೇಳುವಾಗ, ಬಿರುಗಾಳಿಯಲ್ಲಿ ಪೈರು ಹೊತ್ತ ಆ ತಾಯಿ ಅಬಿಗೇಲಳನ್ನೂ ಮರೆಯದೆ ಹೇಳಿ.