ಸಿಕ್ಕಿದ ಕ್ಯಾಮೆರಾ ಯಾರದ್ದು?

ಬೇವೂರಿನ ಕಡೆ ಟಂಟಂ ಗಾಡಿ ಹತ್ತಿದವರು ಕೊಡೆಯನ್ನೋ ಚೀಲವನ್ನೋ ಮರೆತು ಇಳಿಯುವುದು ಹೊಸ ಸಂಗತಿಯಲ್ಲ. ಚಾ ಅಂಗಡಿಯಲ್ಲಿ ಒಂದು ಮಾತು ಹಾಕಿದರೆ ಸಾಕು, ಸುದ್ದಿ ಒಡೆಯನಿಗೆ ಮುಟ್ಟುತ್ತದೆ. ಆದರೆ ಮರೆತು ಹೋದದ್ದು ಬೆಲೆಬಾಳುವ ಕ್ಯಾಮೆರಾ ಆದರೆ? ಅದು ಸಿಕ್ಕಿದವನ ತಲೆಗೆ ಸಿನಿಮಾದ ಹುಚ್ಚು ಹೊಕ್ಕರೆ?

ಈ ಒಂದು ಎಳೆ ಹಿಡಿದು ಮಾಡಿದ ಹಾಸ್ಯಚಿತ್ರ ‘ಸಿನಿಮಾ ಬಂಡಿ’. 2021ರ ಮೇ ತಿಂಗಳಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ನಿರ್ದೇಶಕರು ಪ್ರವೀಣ್ ಕಂದ್ರೇಗುಲ. ಭಾಷೆ ತೆಲುಗು, ಆದರೆ ಕಥೆ ನಡೆಯುವ ಗೊಲ್ಲಪಲ್ಲಿ ಕರ್ನಾಟಕ-ಆಂಧ್ರ ಗಡಿಯ ಹಳ್ಳಿ. ಬಂಡಿ ಎಂದರೆ ಏನೆಂದು ನಮಗೂ ಯಾರೂ ಅರ್ಥ ಹೇಳಬೇಕಾಗಿಲ್ಲ.

ಆ ಹಳ್ಳಿಗೆ ಮಳೆ ಇಲ್ಲ, ರಸ್ತೆ ಸರಿಯಿಲ್ಲ. ಅಲ್ಲಿನ ಆಟೋ ಚಾಲಕ ವೀರಬಾಬುವಿಗೆ ಗಾಡಿಯಲ್ಲಿ ಯಾರೋ ಬಿಟ್ಟುಹೋದ ಕ್ಯಾಮೆರಾ ಸಿಗುತ್ತದೆ. ಕಡಿಮೆ ಖರ್ಚಿನ ಸಿನಿಮಾಗಳು ಕೋಟಿ ಕೋಟಿ ಗಳಿಸಿದ ಸುದ್ದಿಯನ್ನು ಅವನು ಟಿವಿಯಲ್ಲಿ ನೋಡುತ್ತಾನೆ. ನಾವೂ ಒಂದು ಮಾಡಿದರೆ ಊರು ಉದ್ಧಾರವಾದೀತು ಎಂದು ಲೆಕ್ಕ ಹಾಕುತ್ತಾನೆ. ಮದುವೆ ಫೋಟೋ ತೆಗೆಯುವ ಗಣಪತಿ ಕ್ಯಾಮೆರಾಮ್ಯಾನ್ ಆಗುತ್ತಾನೆ. ಕ್ಷೌರದಂಗಡಿಯ ಮರಿದೇಶ್ ಬಾಬು ಹೀರೋ, ತರಕಾರಿ ಮಾರುವ ಮಂಗ ಹೀರೋಯಿನ್! ಹೀರೋ ಎಂದು ಕರೆದದ್ದೇ ತಡ, ಅವನ ನಡಿಗೆಯೇ ಬದಲಾಗುತ್ತದೆ. ದೊಡ್ಡ ಸಿನಿಮಾದವರ ಗತ್ತನ್ನು ಬಡವರ ಮೈಮೇಲೆ ಹಾಕಿ ನಗಿಸುವುದೇ ಇಲ್ಲಿನ ವಿಡಂಬನೆ.

ಈ ನಗು ಹಳ್ಳಿಯವರನ್ನು ಹಳಿಯುವುದಿಲ್ಲ, ಅದು ಮುಖ್ಯ. ಪೇಟೆಯಲ್ಲಿ ಕೂತು ಹಳ್ಳಿಯನ್ನು ದಡ್ಡರ ಸಂತೆ ಅಂತ ತೋರಿಸುವ ಚಿತ್ರಗಳು ಬೇಕಾದಷ್ಟು ಉಂಟು. ಇಲ್ಲಿಯೋ ಜನ ತಮ್ಮ ಪೆದ್ದುತನಕ್ಕೆ ತಾವೇ ನಗುತ್ತಾರೆ, ತಮ್ಮ ಆಸೆಗೆ ತಾವೇ ಬೆವರು ಸುರಿಸುತ್ತಾರೆ.

ಇದು ಬರೀ ಕಟ್ಟುಕತೆಯೂ ಅಲ್ಲ. ಇಲ್ಲಿ ಇಳಕಲ್ಲಿನಲ್ಲಿ ಮಗ್ಗ ಇದ್ದ ಹಾಗೆ ಮಹಾರಾಷ್ಟ್ರದ ಮಾಲೆಗಾಂವ್‌ನಲ್ಲಿ ವಿದ್ಯುತ್ ಮಗ್ಗ. ಅಲ್ಲಿನ ಯುವಕರು ಕೈಕಾಸಿನಲ್ಲೇ ‘ಶೋಲೆ’ಯಂಥ ದೊಡ್ಡ ಚಿತ್ರಗಳ ಅಣಕ ಮಾಡಿದರು. ಮಗ್ಗದ ಕೆಲಸದ ಶಫೀಕ್ ಸೂಪರ್‌ಮ್ಯಾನ್ ಆದದ್ದನ್ನು ಫೈಝಾ ಅಹ್ಮದ್ ಖಾನ್ ತಮ್ಮ ಸಾಕ್ಷ್ಯಚಿತ್ರದಲ್ಲಿ ತೋರಿಸಿದ್ದಾರೆ. ಅದೇ ಜನರ ಕಥೆ 2025ರ ಫೆಬ್ರವರಿಯಲ್ಲಿ ‘ಸೂಪರ್‌ಬಾಯ್ಸ್ ಆಫ್ ಮಾಲೆಗಾಂವ್’ ಎಂಬ ಹಿಂದಿ ಚಿತ್ರವಾಗಿಯೂ ಬಂತು.

ನಮ್ಮ ಬ್ಯಾರಿ ಭಾಷೆಗೂ ಇಂಥದ್ದೊಂದು ನೆನಪು ಇದೆ. 2011ರ ಸಾಲಿನ ರಾಷ್ಟ್ರ ಪ್ರಶಸ್ತಿಯಲ್ಲಿ ಅತ್ಯುತ್ತಮ ಚಿತ್ರದ ಗೌರವ ಸುವೀರನ್ ನಿರ್ದೇಶನದ ‘ಬ್ಯಾರಿ’ಗೆ ಬಂತು. ಅದನ್ನು ಹಂಚಿಕೊಂಡ ಇನ್ನೊಂದು ಚಿತ್ರ ಮರಾಠಿಯ ‘ದೇವೂಳ್’, ಅದೂ ಹಳ್ಳಿಯ ವಿಡಂಬನೆಯೇ. ಮನೆಯೊಳಗೆ ಆಡುವ ಮಾತು ದಿಲ್ಲಿಯವರೆಗೆ ಕೇಳಿಸಿದ್ದಕ್ಕೆ ಅಂದು ಎಲ್ಲರಿಗೂ ಸಂತೋಷ. ಅದರ ಬೆನ್ನಿಗೇ, ನಮ್ಮ ಹೆಣ್ಣುಮಕ್ಕಳ ಕಷ್ಟವನ್ನು ಪರದೆಗೆ ತರುವಾಗ ಯಾರು ಹೇಗೆ ಹೇಳಬೇಕು ಎಂಬ ಪ್ರಶ್ನೆಯೂ ಇದ್ದೇ ಇರುತ್ತದೆ.

ಇನ್ನು ವೀರಬಾಬುವಿನ ಕಡೆ ಬರೋಣ. ಅವನ ಆಸೆ ಒಳ್ಳೆಯದು, ಊರಿಗಾಗಿ. ಆದರೆ ಕ್ಯಾಮೆರಾ ಅವನದ್ದಲ್ಲ. ಕಳಕೊಂಡ ಹುಡುಗಿ ಅತ್ತ ಅದನ್ನು ಹುಡುಕುತ್ತಾ ಇರುತ್ತಾಳೆ. ನಗುತ್ತಾ ನೋಡುವವನಿಗೆ ಈ ವಿಷಯ ಮರೆತೇ ಹೋಗುತ್ತದೆ, ಕಥೆಯ ಜಾಣತನ ಇರುವುದೇ ಅಲ್ಲಿ. ಮದ್ರಸದಲ್ಲಿ ‘ಲುಖತ’ದ ಪಾಠ ಕಲಿತ ಮಕ್ಕಳಿಗೆ ಇದು ಗೊತ್ತು. ಬಿದ್ದು ಸಿಕ್ಕ ವಸ್ತು ಸಿಕ್ಕಿದವನ ಕೈಯಲ್ಲಿ ಅಮಾನತ್ತು. ಅದರ ಗುರುತು ಇಟ್ಟುಕೊಳ್ಳಬೇಕು, ವಾರಸುದಾರ ಸಿಗುವಂತೆ ಒಂದು ವರ್ಷ ಸಾರಬೇಕು. ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಒಡೆಯನ ಹಕ್ಕು ಅಳಿಸಿ ಹೋಗುವುದಿಲ್ಲ. ವೀರಬಾಬುವಿಗೆ ಕೊನೆಗೆ ಏನಾಯಿತು ಎಂದು ಇಲ್ಲಿ ಹೇಳಿ ನೋಡುವವರ ರುಚಿ ಕೆಡಿಸುವುದಿಲ್ಲ.

ನಮ್ಮ ಮನೆಗಳಿಗೆ ಈ ಪಾಠ ಯಾಕೆ ಅಂದರೆ, ಇವತ್ತು ಕ್ಯಾಮೆರಾ ಸಿಗುವುದಕ್ಕೆ ಆಟೋದಲ್ಲಿ ಯಾರೂ ಮರೆತು ಹೋಗಬೇಕಾಗಿಲ್ಲ. ಅದು ಮಗನ ಕಿಸೆಯಲ್ಲಿ, ಮಗಳ ತಲೆದಿಂಬಿನ ಅಡಿಯಲ್ಲಿ ಉಂಟು. ಯಂತ್ರ ನಮ್ಮ ದುಡ್ಡಿನದ್ದೇ ಇರಬಹುದು. ಆದರೆ ಅದರೊಳಗೆ ಬೀಳುವ ಮುಖ ನಮ್ಮದಲ್ಲ. ಮದುವೆ ಮನೆಯಲ್ಲಿ ಒಳಕೋಣೆಯ ಹೆಂಗಸರು, ಆಸ್ಪತ್ರೆಯಲ್ಲಿ ಮಲಗಿದ ಅಜ್ಜ, ಬೀದಿಯಲ್ಲಿ ಎಡವಿ ಬಿದ್ದ ಬಡವ, ಎಲ್ಲವೂ ರೀಲ್ಸ್ ಆಗುತ್ತಿದೆ. ಕೇಳಿ ತೆಗೆದವರೆಷ್ಟು? ಬೇಡ ಎಂದರೆ ಅಳಿಸಿದವರೆಷ್ಟು?

ಗೊಲ್ಲಪಲ್ಲಿಯ ಜನ ಕ್ಯಾಮೆರಾದ ಮುಂದೆ ತಾವಾಗಿ ಬಂದು ನಿಂತವರು. ಅದಕ್ಕೇ ಅವರ ಮೇಲಿನ ನಗು ಯಾರಿಗೂ ಚುಚ್ಚುವುದಿಲ್ಲ. ಮಕ್ಕಳು ಹಾಸ್ಯದ ವಿಡಿಯೊ ಮಾಡಲಿ, ಬ್ಯಾರಿ ಮಾತಿನಲ್ಲೇ ಮಾಡಲಿ, ತಮ್ಮ ಊರಿನ ಸೊಟ್ಟತನಕ್ಕೆ ಕನ್ನಡಿ ಹಿಡಿಯಲಿ. ಬಟನ್ ಒತ್ತುವ ಮೊದಲು ಎದುರಿಗಿರುವವರನ್ನು ಒಂದು ಮಾತು ಕೇಳಲಿ. ಸಿಕ್ಕಿದ ಕೊಡೆಯನ್ನು ಒಡೆಯನಿಗೆ ತಲುಪಿಸುವ ನಾವು, ಇನ್ನೊಬ್ಬರ ಮಾನವನ್ನು ಮಾತ್ರ ಬಿಟ್ಟಿ ಸಿಕ್ಕ ಮಾಲು ಎಂದು ತಿಳಿಯುವುದು ಸರಿಯೇ?