ಮನೆಯೇ ನರ್ಸಿಂಗ್ ಹೋಂ, ತಾಯಿಯೇ ನರ್ಸ್

ನರ್ಸಿಂಗ್ ಹೋಂ ಅಂದ ಕೂಡಲೇ ನಮಗೆ ನೆನಪಾಗುವುದು ಹೆರಿಗೆ, ಆಪರೇಶನ್, ಗ್ಲೂಕೋಸ್ ಬಾಟಲಿ. ಹೊರದೇಶಗಳಲ್ಲಿ ಅದರ ಅರ್ಥವೇ ಬೇರೆ. ಎದ್ದು ಓಡಾಡಲಾಗದವರು ವರ್ಷಗಟ್ಟಲೆ ಉಳಿಯುವ ಆರೈಕೆ ಮನೆ ಅದು. ಯುರೋಪಿನ ಕೊರೋನ ಸಾವುಗಳಲ್ಲಿ ಅರ್ಧದಷ್ಟು ಇಂತಹ ಮನೆಗಳಲ್ಲೇ ಆಗಿರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಎಪ್ರಿಲ್‌ನಲ್ಲೇ ಹೇಳಿತ್ತು.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ಅಂಥ ಆರೈಕೆ ಮನೆ ಅಪರೂಪ. ಬೆನ್ನುಮೂಳೆ ಮುರಿದು ಮಲಗಿದ ಮಗನಿಗೆ, ಲಕ್ವ ಹೊಡೆದ ಅಜ್ಜಿಗೆ ಮನೆಯ ಮೂಲೆಯೇ ವಾರ್ಡು. ತಾಯಿ, ಹೆಂಡತಿ, ಸೊಸೆಯೇ ನರ್ಸು. ಸಂಬಳವಿಲ್ಲ, ರಜೆಯಿಲ್ಲ, ಬದಲಿಗೆ ಬರುವವರೂ ಇಲ್ಲ.

ಮಲಗಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. 'ದೂರ ಇರಿ, ಮುಟ್ಟಬೇಡಿ' ಎಂದು ಸರಕಾರ ಹೇಳಿದಾಗ ಎತ್ತಿ ಕೂರಿಸುವವರು ಯಾರು? ಮುಟ್ಟಿಯೇ ದಾರಿ ತಿಳಿಯುವ ಅಂಧರು ಏನು ಮಾಡಬೇಕು? ತುಟಿ ನೋಡಿ ಮಾತು ತಿಳಿಯುವ ಕಿವುಡರಿಗೆ ಮಾಸ್ಕ್ ಗೋಡೆಯಾಯಿತು. ಬಸ್ ನಿಂತಾಗ ಅಂಗವಿಕಲರ ಪಾಸ್ ಬರೀ ಕಾಗದವಾಯಿತು. ರಾಮದುರ್ಗದಿಂದ ಬೆಳಗಾವಿಯ ಜಿಲ್ಲಾಸ್ಪತ್ರೆಗೆ ಸುಮಾರು ನೂರು ಕಿಲೋಮೀಟರ್. ಕಾರು ಬಾಡಿಗೆಗೆ ಹಿಡಿಯೋಣವೆಂದರೆ ಕೂಲಿಯೂ ನಿಂತಿತ್ತು.

ಕಾನೂನು ಇರಲಿಲ್ಲವೆಂದಲ್ಲ. ವಿಪತ್ತಿನ ಕಾಲದಲ್ಲಿ ಅಂಗವಿಕಲರಿಗೆ ಸಮಾನ ರಕ್ಷಣೆ ಸಿಗಬೇಕೆಂದು 2016ರ ಕಾಯ್ದೆ ಹೇಳುತ್ತದೆ. ಅವರ ಆರೈಕೆ ಮಾಡುವವರಿಗೆ ಲಾಕ್‌ಡೌನ್‌ನಲ್ಲೂ ಓಡಾಡಲು ಬಿಡಬೇಕು, ಸುಲಭವಾಗಿ ಪಾಸ್ ಕೊಡಬೇಕು ಎಂದು ಕೇಂದ್ರ 2020ರ ಮಾರ್ಚ್ 26ರಂದೇ ಸೂಚಿಸಿತ್ತು. ಆದರೆ ಸೂಚನೆ ಬಂದಿದೆ ಎಂದು ಆ ಮೂಲೆಯ ಮನೆಗೆ ಹೋಗಿ ಹೇಳಬೇಕಲ್ಲ? 18 ದಾಟಿದ ಎಲ್ಲರಿಗೂ ಲಸಿಕೆ ತೆರೆದದ್ದು 2021ರ ಮೇ 1ಕ್ಕೆ. ಹೊರಬರಲಾಗದವರಿಗೆ ಮನೆಯಲ್ಲೇ ಚುಚ್ಚಬೇಕೆಂದು ಕೇಂದ್ರ ಪ್ರಕಟಿಸಿದ್ದು ಸೆಪ್ಟಂಬರ್ ಕೊನೆಗೆ. ಎಲ್ಲರಿಗಿಂತ ಮೊದಲು ಬೇಕಿದ್ದವರು ಸಾಲಿನ ಕೊನೆಯಲ್ಲಿ ನಿಂತರು, ನಿಲ್ಲಲಾಗದಿದ್ದರೂ.

ಆಸ್ಪತ್ರೆಗಳ ಸಾಲೇ ಇರುವ ಮಂಗಳೂರಿನ ಪಕ್ಕದಲ್ಲಿದ್ದರೂ ನಮ್ಮ ಮೊಹಲ್ಲಾಗಳ ಕಥೆ ಬಹಳ ಬೇರೆಯೇನಲ್ಲ. ಮಲಗಿದವರು ನಮ್ಮಲ್ಲೂ ಇದ್ದಾರೆ. ಗ್ರಾಮ ಪಂಚಾಯತ್‌ನಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರ ಫೋನ್ ನಂಬರ್ ನಮ್ಮಲ್ಲಿ ಎಷ್ಟು ಮನೆಗಳಲ್ಲಿದೆ? ಜಮಾಅತ್‌ನ ಯುವಕರಲ್ಲಿ ಇಬ್ಬರಾದರೂ ರೋಗಿಯನ್ನು ಎತ್ತುವುದು, ಮಗ್ಗುಲು ಬದಲಿಸುವುದು ಕಲಿಯಲಿ. ತಾಯಿಗೇ ಜ್ವರ ಬಂದ ರಾತ್ರಿ ಬಾಗಿಲು ತಟ್ಟಿದರೆ ಬರುವವರು ಯಾರು ಎಂಬುದು ಇವತ್ತೇ ಗೊತ್ತಿರಬೇಕು.