ಗುಳಿಗೆಗೆ ಬಗ್ಗದ್ದು ಬ್ಲೀಚಿಂಗ್ ಪೌಡರಿಗೆ ಬಗ್ಗುತ್ತದೆ

ಸರ್ಕಾರಿ ಶಾಲೆಯ ಬಿಸಿಯೂಟದಲ್ಲಿ ಅನ್ನ ಬೆಂದಿರುತ್ತದೆ, ಸಾಂಬಾರು ಕುದಿದಿರುತ್ತದೆ. ಕ್ಷೀರಭಾಗ್ಯದ ಹಾಲಿನ ಪುಡಿಯನ್ನೂ ಕಾದ ನೀರಿಗೇ ಕದಡಿರುತ್ತಾರೆ. ಬೆಂಕಿ ಕಾಣದೆ ಮಗುವಿನ ಹೊಟ್ಟೆ ಸೇರುವುದು ಲೋಟದ ನೀರು ಮಾತ್ರ.

ಹೊಸಕೋಟೆ ತಾಲ್ಲೂಕಿನ ಹಳ್ಳಿ ಶಾಲೆಗಳಿಗೆ ಆ ನೀರು ಬಹುತೇಕ ಕೊಳವೆಬಾವಿಯಿಂದ ಬರುತ್ತದೆ. ಇಲ್ಲಿನ ಅಂತರ್ಜಲ 'ಅತಿ ಬಳಕೆ'ಯ ಪಟ್ಟಿಯಲ್ಲಿದೆ. ಸಾವಿರ ಅಡಿ ಕೊರೆಸುವುದು ಯಾರಿಗೂ ಸುದ್ದಿಯಲ್ಲ. ಅಷ್ಟು ಆಳದ ನೀರಿನಲ್ಲಿ ಫ್ಲೋರೈಡ್ ಇದ್ದೀತು, ಮಲದ ಬ್ಯಾಕ್ಟೀರಿಯಾ ಇರುವುದು ಅಪರೂಪ. ಅದು ಸೇರಿಕೊಳ್ಳುವುದು ನೀರು ಮೇಲೆ ಬಂದ ನಂತರ. ಕರೆಂಟ್ ಹೋಗಿ ಮೋಟರು ನಿಂತಾಗ ಪೈಪಿನೊಳಗಿನ ಒತ್ತಡ ಇಳಿಯುತ್ತದೆ. ಆಗ ಚರಂಡಿ ಪಕ್ಕದಲ್ಲಿ ಹಾದುಹೋದ ಪೈಪಿನ ಜಾಯಿಂಟು ಸಡಿಲವಾಗಿದ್ದರೆ ಹೊರಗಿನ ಕೊಳೆಯನ್ನು ಪೈಪೇ ಒಳಕ್ಕೆ ಎಳೆದುಕೊಳ್ಳುತ್ತದೆ. ಆಮೇಲೆ ಮುಚ್ಚಳ ಹಾರಿಹೋದ ಸಿಂಟೆಕ್ಸ್ ಟ್ಯಾಂಕು, ಅದರ ಮೇಲೆ ಕೂರುವ ಪಾರಿವಾಳ, ಡ್ರಮ್ಮಿಗೆ ಕೈಯದ್ದಿ ಲೋಟ ತುಂಬುವ ಮಕ್ಕಳು.

ಹಿಂದೆಯೂ ಇವೆಲ್ಲ ಇದ್ದವು. ಈಗ ಬದಲಾಗಿರುವುದು ಹೊರಗಿನ ಆ ಕೊಳೆಯ ಗುಣ. ನಾವು ನುಂಗುವ ಅನೇಕ ಆಂಟಿಬಯೋಟಿಕ್‌ಗಳ ದೊಡ್ಡ ಪಾಲು ಮಲಮೂತ್ರದಲ್ಲಿ ಹಾಗೆಯೇ ಹೊರಬೀಳುತ್ತದೆ. ಔಷಧವನ್ನು ತಡೆದುಕೊಂಡು ಬದುಕುಳಿದ ಬ್ಯಾಕ್ಟೀರಿಯಾ ಕೂಡ ಅದರ ಜೊತೆಗೇ. ಬೆಂಗಳೂರಿನ ಪೂರ್ವದಂಚಿನ ಬಡಾವಣೆಗಳ ಚರಂಡಿ ನೀರು ಎಲೆಮಲ್ಲಪ್ಪ ಶೆಟ್ಟಿ ಕೆರೆಗೆ ಇಳಿಯುತ್ತದೆ. ಆ ಕೆರೆ ಕೋಡಿ ಬಿದ್ದರೆ ನೀರು ದಕ್ಷಿಣ ಪಿನಾಕಿನಿಯ ಜಾಡು ಹಿಡಿದು ಹೊಸಕೋಟೆ ಕೆರೆಯತ್ತ ಬರುತ್ತದೆ. ನೆರೆಯ ಕೋಲಾರದ ಕೆರೆಗಳಿಗೆ 2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿಯ ಕೊಳಚೆ ನೀರು ಹರಿಯುತ್ತಿದೆ, ಅದೂ ಎರಡನೇ ಹಂತದವರೆಗೆ ಮಾತ್ರ ಶುದ್ಧಿಯಾದದ್ದು. ಕೊಳಚೆ ಶುದ್ಧೀಕರಣ ಘಟಕಗಳನ್ನು ಕಟ್ಟಿದ್ದು ನೀರಿನ ಹೊಲಸು ಇಳಿಸುವುದಕ್ಕೆ. ಔಷಧ ನಿರೋಧಕ ಜೀನ್‌ಗಳನ್ನು ಹಿಡಿದು ನಾಶಮಾಡುವ ಕೆಲಸವನ್ನು ಅವಕ್ಕೆ ಯಾರೂ ಒಪ್ಪಿಸಿಲ್ಲ.

ಕೊಳಚೆಯಿಂದ ಕುಡಿಯುವ ನೀರಿಗೆ ಇಂಥದ್ದು ದಾಟುತ್ತದೆಯೇ? ದೆಹಲಿಯಲ್ಲಿ ದಾಟಿತ್ತು. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ತಿಮೋತಿ ವಾಲ್ಶ್ ತಂಡ 2010ರಲ್ಲಿ ಅಲ್ಲಿನ ಬೀದಿಗಳಲ್ಲಿ ನಿಂತ ನೀರಿನ 171 ಮಾದರಿ, ಸಾರ್ವಜನಿಕ ನಲ್ಲಿಗಳ 50 ಮಾದರಿ ಸಂಗ್ರಹಿಸಿತು. ನಿಂತ ನೀರಿನ 51ರಲ್ಲಿ, ನಲ್ಲಿ ನೀರಿನ 2ರಲ್ಲಿ ಎನ್‌ಡಿಎಂ-1 ಜೀನ್ ಸಿಕ್ಕಿತು. ಬೇರೆ ಔಷಧಗಳು ಕೈಕೊಟ್ಟಾಗ ವೈದ್ಯರು ಐಸಿಯುನಲ್ಲಿ ಹೊರತೆಗೆಯುವ ಕಾರ್ಬಪೆನೆಮ್‌ಗಳನ್ನೇ ಮುರಿದುಹಾಕುವ ಕಿಣ್ವದ ಜೀನ್ ಅದು. ಅದರ ಹೆಸರಿನಲ್ಲಿ 'ನ್ಯೂಡೆಲ್ಲಿ' ಇದೆಯೆಂದು ನಮ್ಮಲ್ಲಿ ಎದ್ದ ಗದ್ದಲದಲ್ಲಿ ನಲ್ಲಿ ನೀರಿನ ಮಾತು ಮುಳುಗಿಹೋಯಿತು. ಆ ವರದಿಯಲ್ಲಿ ನನ್ನನ್ನು ಹೆಚ್ಚು ಕಾಡಿದ ಅಂಶ ಇನ್ನೊಂದು. ಜೀನ್ ಒಂದು ಬ್ಯಾಕ್ಟೀರಿಯಾದಿಂದ ಮತ್ತೊಂದಕ್ಕೆ ಅತಿ ಚುರುಕಾಗಿ ದಾಟಿದ್ದು ನಮ್ಮ ದೇಹದ 37 ಡಿಗ್ರಿಯಲ್ಲಲ್ಲ, 30 ಡಿಗ್ರಿಯಲ್ಲಿ. ಬಿಸಿಲಿಗೆ ಕುಳಿತ ಟ್ಯಾಂಕಿನ ನೀರಿಗೆ 30 ಡಿಗ್ರಿ ಮುಟ್ಟುವುದು ಹೊಸಕೋಟೆಯಲ್ಲಿ ಕಷ್ಟವೇನಲ್ಲ.

ಹೀಗೆ ದಾಟಿಸುವ ವಾಹನ ಪ್ಲಾಸ್ಮಿಡ್, ಅಂದರೆ ಬ್ಯಾಕ್ಟೀರಿಯಾದ ಮುಖ್ಯ ಡಿಎನ್ಎಗೆ ಹೊರತಾದ ಪುಟ್ಟ ಡಿಎನ್ಎ ಬಳೆ. ಪರೀಕ್ಷಾ ಕೋಣೆಯಲ್ಲಿ ಚೀಟಿ ಕೈಯಿಂದ ಕೈಗೆ ಹೋದ ಹಾಗೆ ಇದು ಜೀವಕೋಶದಿಂದ ಜೀವಕೋಶಕ್ಕೆ ಹೋಗುತ್ತದೆ. ಕೊಟ್ಟವನ ಬಳಿಯೂ ಒಂದು ಪ್ರತಿ ಉಳಿಯುತ್ತದೆ. ಒಂದೇ ಪ್ಲಾಸ್ಮಿಡ್ಡಿನಲ್ಲಿ ನಾಲ್ಕೈದು ಔಷಧಗಳಿಗೆ ಉತ್ತರವಿರಬಹುದು. ಜಪಾನಿನಲ್ಲಿ 1950ರ ದಶಕದಲ್ಲಿ ಆಮಶಂಕೆಯ ಶಿಗೆಲ್ಲಾ ಬ್ಯಾಕ್ಟೀರಿಯಾ ಸಲ್ಫಾ, ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಂಫೆನಿಕಾಲ್ ನಾಲ್ಕಕ್ಕೂ ಒಟ್ಟಿಗೇ ಬಗ್ಗದಾದಾಗ ವಿಜ್ಞಾನಿಗಳು ಈ ದಾರಿಯನ್ನು ಪತ್ತೆಮಾಡಿದರು.

ಇಂಥ ನೀರು ಕುಡಿದ ಮಗು ಮರುದಿನವೇ ಮಲಗುವುದಿಲ್ಲ. ಇ. ಕೋಲೈನ ಹೆಚ್ಚಿನ ತಳಿಗಳು ಕರುಳಿನಲ್ಲಿ ತೊಂದರೆಯಿಲ್ಲದೆ ಇರುತ್ತವೆ. ಔಷಧಕ್ಕೆ ಬಗ್ಗದ ತಳಿಯೂ ಹಾಗೆಯೇ ಬಂದು ನೆಲೆಸಿ, ತಿಂಗಳುಗಟ್ಟಲೆ ಇದ್ದು, ಮುಂದೊಮ್ಮೆ ಮೂತ್ರನಾಳದ ಸೋಂಕಾದಾಗ ತನ್ನ ಗುಣ ತೋರಿಸೀತು. ಈ ನಡುವೆ ಮಗುವಿಗೆ ಭೇದಿಯಾದರೆ ಮೆಡಿಕಲ್ ಶಾಪಿನಿಂದ ಒಂದೆರಡು ಆಂಟಿಬಯೋಟಿಕ್ ಗುಳಿಗೆ ತಂದು ನುಂಗಿಸುತ್ತೇವೆ. ಕರುಳಿನ ಸಾಧು ಬ್ಯಾಕ್ಟೀರಿಯಾ ಸತ್ತು, ಬಗ್ಗದ ತಳಿಗೆ ಜಾಗ ಸಿಗುತ್ತದೆ. ಮಕ್ಕಳ ಸಾಮಾನ್ಯ ಭೇದಿಗೆ ಬೇಕಾದದ್ದು ಓಆರ್‌ಎಸ್ ಮತ್ತು ಜಿಂಕ್. ಮಲದಲ್ಲಿ ರಕ್ತ ಕಂಡರೆ ಮಾತು ಬೇರೆ, ಆಗ ಡಾಕ್ಟರೇ ನೋಡಬೇಕು.

ನೀರಿನ ಪರೀಕ್ಷೆ ಇದನ್ನೆಲ್ಲ ಹೇಳುತ್ತದೆಯೇ ಎಂದರೆ, ಅರ್ಧ ಮಾತ್ರ. ಪಂಚಾಯ್ತಿಗಳಲ್ಲಿ ಬಳಸುವ ಎಚ್‌ಟುಎಸ್ ಬಾಟಲಿಗೆ ನೀರು ತುಂಬಿ ಒಂದೆರಡು ದಿನ ಇಟ್ಟರೆ, ಮಲದ ಸೋಂಕಿದ್ದಲ್ಲಿ ನೀರು ಕಪ್ಪಗಾಗುತ್ತದೆ. ಮಂಜ, ಮೌರ್ಯ, ರಾವ್ ಎಂಬ ಭಾರತೀಯ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಅಗ್ಗದ, ಜಾಣ ವಿಧಾನ. ಆದರೆ ಒಳಗಿರುವುದು ಯಾವ ಔಷಧಕ್ಕೆ ಬಗ್ಗುತ್ತದೆಂದು ತಿಳಿಯಲು ಲ್ಯಾಬಿಗೇ ಹೋಗಬೇಕು. ಅಲ್ಲಿ ಅಗಾರ್ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಸವರಿ, ಔಷಧ ಹೀರಿಸಿದ ಬಿಳಿ ಕಾಗದದ ಪುಟ್ಟ ಬಿಲ್ಲೆಗಳನ್ನು ಇಡುತ್ತಾರೆ. ಔಷಧ ನಾಟಿದರೆ ಬೆಳಿಗ್ಗೆ ಬಿಲ್ಲೆಯ ಸುತ್ತ ತಿಳಿಯಾದ ಉಂಗುರ ಕಾಣುತ್ತದೆ. ನಾಟದಿದ್ದರೆ ಮಸುಕು ಬಿಳಿಯ ಬೆಳೆ ಬಿಲ್ಲೆಯ ಅಂಚಿಗೇ ಬಂದು ತಾಗಿರುತ್ತದೆ.

ಇಷ್ಟೆಲ್ಲ ಔಷಧ ಜಯಿಸಿದ ಬ್ಯಾಕ್ಟೀರಿಯಾ ಕುದಿಯುವ ನೀರಿನಲ್ಲಿ ಉಳಿಯುವುದಿಲ್ಲ, ಕ್ಲೋರಿನ್ನಿಗೂ ಬಹುಮಟ್ಟಿಗೆ ಶರಣಾಗುತ್ತದೆ. ಆಂಟಿಬಯೋಟಿಕ್ ಜೀವಕೋಶದ ಯಾವುದೋ ಒಂದು ಯಂತ್ರವನ್ನು ಹುಡುಕಿ ಹೊಡೆಯುತ್ತದೆ, ಆ ಯಂತ್ರ ಬದಲಿಸಿದವನು ಪಾರಾಗುತ್ತಾನೆ. ಕ್ಲೋರಿನ್ ಗೋಡೆ, ಕಿಣ್ವ, ಡಿಎನ್ಎ ಎಂದು ನೋಡದೆ ಸಿಕ್ಕಿದ್ದನ್ನೆಲ್ಲ ಸುಡುತ್ತದೆ. ಹಾಗಾಗಿ ಈ ಜಗಳವನ್ನು ಆಸ್ಪತ್ರೆಗಿಂತ ಟ್ಯಾಂಕಿನಲ್ಲೇ ಮುಗಿಸುವುದು ಸುಲಭ, ಅಗ್ಗ. 'ಶುದ್ಧ ಕುಡಿಯುವ ನೀರಿನ ಘಟಕ'ದ ಕ್ಯಾನಿನ ಮೇಲೆ ನಮಗಿರುವ ಭರವಸೆ ಸ್ವಲ್ಪ ಅತಿಯೆಂದೇ ನನಗನಿಸುತ್ತದೆ. ಆರ್‌ಓ ಪೊರೆ ಬ್ಯಾಕ್ಟೀರಿಯಾವನ್ನು ಸೋಸುತ್ತದೆ, ನಿಜ. ಆದರೆ ಹೊರಬರುವ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ. ತೊಳೆಯದ ಕ್ಯಾನಿಗೆ ಬಿದ್ದ ಮೇಲೆ ಅದನ್ನು ಕಾಯುವವರಿಲ್ಲ.

ಸಾವಿರ ಲೀಟರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ ಸುಮಾರು 2.5 ಗ್ರಾಂ ಸಾಕು, ಕಲಸಿ ಒಂದು ಗಂಟೆ ಬಿಡಬೇಕು. ಒಳ್ಳೆಯದು ಎಂಬ ಮಾತು ಮುಖ್ಯ: ಬಾಯಿ ತೆರೆದು ತೇವದಲ್ಲಿಟ್ಟ ಚೀಲದ ಪುಡಿಯಲ್ಲಿ ವಾಸನೆಯಷ್ಟೇ ಉಳಿದಿರುತ್ತದೆ. ಟ್ಯಾಂಕಿನ ಗೋಡೆಗೆ ಹತ್ತಿದ ಲೋಳೆಯನ್ನು ಉಜ್ಜಿ ತೆಗೆಯದಿದ್ದರೆ ಕ್ಲೋರಿನ್ ಅದರ ಮೇಲೇ ಖರ್ಚಾಗಿ, ಲೋಳೆಯ ಒಳಗಿನ ಬ್ಯಾಕ್ಟೀರಿಯಾ ಉಳಿದುಕೊಳ್ಳುತ್ತದೆ. ಭಾರತೀಯ ಮಾನಕ ಐಎಸ್ 10500 ಕೇಳುವುದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್. ಇದನ್ನು ಅಳೆಯುವ ಕ್ಲೋರೋಸ್ಕೋಪ್ ಆರೋಗ್ಯ ಸಿಬ್ಬಂದಿಗೆ ಪರಿಚಿತ: ನೀರಿಗೆ ಆರ್ಥೋಟೊಲಿಡಿನ್ ಹನಿಸಿದ ಕೂಡಲೇ ಹಳದಿ ಬರಬೇಕು. ಹಾಗೆ ನೋಡುವಾಗ ನೀರನ್ನು ಪುಡಿ ಹಾಕಿದ ಟ್ಯಾಂಕಿನಿಂದ ಹಿಡಿಯಬಾರದು, ಅದರಿಂದ ಅತಿ ದೂರದಲ್ಲಿ ಮಕ್ಕಳು ಕುಡಿಯುವ ಕೊನೆಯ ನಲ್ಲಿಯಿಂದ ಹಿಡಿಯಬೇಕು.